ವೇಲ್ಸ್ ದೇಶದ ಕಲ್ಲು, ಕಲ್ಲಿದ್ದಲು ಮತ್ತು ನೀರು

ಗ್ರೇಟ್ ಬ್ರಿಟನ್ ದ್ವೀಪದ ಪಡುವಣ ಭಾಗದಲ್ಲಿ ಪಿಮ್ಲಿಮೊನ್ ಎಂಬ ಬೋಳು ಬೆಟ್ಟವೊಂದಿರುವುದು. ಅದರ ನೆತ್ತಿಯ ಜೌಗು ನೆಲದಲ್ಲಿ ಮೂರು ಹೊಳೆಗಳು ಹುಟ್ಟುವುವು. ಇವುಗಳ ವಿಷಯವಾಗಿ ಆ ಸೀಮೆಯಲ್ಲಿ ಒಂದು ಕಥೆಯುಂಟು. ಹೇಳುವವರು ಒಬ್ಬೊಬ್ಬರು ಒಂದೊಂದು ವಿಧವಾಗಿ ಹೇಳುವರಾದರೂ ಅದರ ಸಾರವಿಷ್ಟು: ಬೆಟ್ಟದ ರಾಯನಿಗೆ ಮೂವರು ಹೆಣ್ಣುಮಕ್ಕಳು. ಮೂವರಿಗೂ ಸಮುದ್ರವನ್ನು ಕಾಣಬೇಕೆಂಬ ಆಸೆ. ಒಬ್ಬಳು ಮನುಷ್ಯರ ಪಟ್ಟಣಗಳನ್ನೆಲ್ಲ ನೋಡಿಕೊಂಡು ಹೋಗುವೆನೆಂದು ಬಹುದೂರದ ಬಳಸು ದಾರಿಯನ್ನು ಹಿಡಿದಳು. ಅವಳು ಸೆವರ್ನ್ ನದಿ. ಮತ್ತೊಬ್ಬಳು ಚೆಲುವಾದ ಕಾಡು ಕಣಿವೆಗಳನ್ನು ಹುಡುಕಿಕೊಂಡು ಹೊರಟಳು. ಅವಳು ವೈ ನದಿ. ಮೂರನೆಯವಳು ಬೆಳಗಾದರೂ ಮಲಗಿದ್ದು, ಎದ್ದವಳೇ ಗಾಬರಿಯಿಂದ ಪಡುವಣಕ್ಕೆ ನೆಟ್ಟಗೆ ಓಡಿ ಎಲ್ಲರಿಗಿಂತ ಮೊದಲು ಕಡಲನ್ನು ಸೇರಿಬಿಟ್ಟಳು. ಅವಳು ರೈಡಲ್ ನದಿ.

ಭೂಪಟವನ್ನು ಬಿಡಿಸಿ ನೋಡಿದರೆ ಕಥೆ ಕಟ್ಟಿದವರು ನೆಲವನ್ನು ಚೆನ್ನಾಗಿ ಬಲ್ಲವರೆಂದು ತೋರುವುದು. ರೈಡಲ್ ಇಪ್ಪತ್ತು ಮೈಲಿಯೊಳಗಾಗಿ ಅಬರಿಸ್ಟ್ವಿತ್ ಪಟ್ಟಣದ ಬಳಿ ಸಮುದ್ರವನ್ನು ಸೇರುವಳು. ಸೆವರ್ನ್ ನದಿಯಾದರೋ ಇಂಗ್ಲೆಂಡಿನ ಹೊಲಗದ್ದೆಗಳನ್ನೂ ಪಟ್ಟಣಗಳನ್ನೂ ಸುತ್ತಿ ಸುಮಾರು 220 ಮೈಲಿ ಹರಿದು ಬ್ರಿಟನ್ನಿನ ಅತಿ ಉದ್ದವಾದ ನದಿಯೆನ್ನಿಸಿಕೊಂಡಿರುವಳು. ವೈ ನದಿಯೂ ಗಡಿಯನ್ನು ದಾಟಿ ಇಂಗ್ಲೆಂಡಿಗೆ ಹೋಗಿ ಬರುವಳು. ಹೀಗೆ ಮೂವರಲ್ಲಿ ಇಬ್ಬರು ತೌರುಮನೆಯ ನೀರನ್ನು ನೆರೆಮನೆಗೆ ಹೊತ್ತವರು. ಈ ದೇಶದ ಕಲ್ಲು, ತಾಮ್ರ, ಇದ್ದಲುಗಳೂ ಇದೇ ಹೊಳೆಗಳ ಹಾಗೆ ಇಳಿಜಾರನ್ನು ಹಿಡಿದು ಹೊರಕ್ಕೆ ಹೋದುವು. ಆ ವೃತ್ತಾಂತವನ್ನು ಈ ತಿಂಗಳು ವಾಚಕರ ಮುಂದಿಡಬೇಕೆಂದು ನಮ್ಮ ಇಚ್ಛೆ. ನಾವು ವೇಲ್ಸ್ ದೇಶವನ್ನು ಕಣ್ಣಾರೆ ಕಂಡವರಲ್ಲ, ಓದಿ ತಿಳಿದವರು. ಈ ಮಾತನ್ನು ಮೊದಲೇ ಒಪ್ಪಿಕೊಂಡುಬಿಡುವುದು ಮೇಲು.

ದೇಶವೇನೋ ಚಿಕ್ಕದು. ವಿಸ್ತೀರ್ಣವು ಸುಮಾರು 8,000 ಚದರ ಮೈಲಿ. ನಮ್ಮ ಕರ್ನಾಟಕದೊಳಗೆ ಅಂಥ ಒಂಬತ್ತು ದೇಶಗಳನ್ನು ಕೂರಿಸಬಹುದು. 2021ರ ಜನಗಣತಿಯಲ್ಲಿ ಕಂಡ ಜನಸಂಖ್ಯೆ ಸುಮಾರು 31 ಲಕ್ಷ. ಮೂರು ಕಡೆ ಕಡಲು, ಮೂಡಣ ಕಡೆಗೆ ಇಂಗ್ಲೆಂಡು. ‘ವೇಲ್ಸ್’ ಎಂಬ ಹೆಸರನ್ನು ಇಟ್ಟವರು ಇಂಗ್ಲಿಷರ ಪೂರ್ವಿಕರು. ಅವರ ಹಳೆಯ ಮಾತಿನಲ್ಲಿ ಅದಕ್ಕೆ ‘ಪರದೇಶಿಗಳು’ ಎಂದರ್ಥ. ಹೊರಗಿನಿಂದ ಬಂದವರು ಮೊದಲಿಂದ ಇದ್ದವರನ್ನೇ ಪರದೇಶಿಗಳೆಂದು ಕರೆದ ಸೋಜಿಗವನ್ನು ನೋಡಿರಿ! ಆ ಜನರು ಮಾತ್ರ ತಮ್ಮ ನಾಡನ್ನು ‘ಕಮ್ರಿ’ ಎನ್ನುವರು. ‘ಒಂದೇ ನೆಲದ ಒಡನಾಡಿಗಳು’ ಎಂಬುದು ಅದರ ಮೂಲಾರ್ಥ.

ಅವರ ಭಾಷೆಯು ಇಂಗ್ಲಿಷಿನ ಉಪಭಾಷೆಯಲ್ಲ. ಕೆಲ್ಟಿಕ್ ಎಂಬ ಪ್ರಾಚೀನ ಭಾಷಾಕುಲಕ್ಕೆ ಸೇರಿದ್ದು. ಫ್ರಾನ್ಸಿನ ಬ್ರೆಟನ್ ಭಾಷೆಯು ಅದಕ್ಕೆ ಹತ್ತಿರದ ತಂಗಿ, ಐರ್ಲೆಂಡಿನ ಭಾಷೆಯು ದೂರದ ಸೋದರಿ. 2021ರಲ್ಲಿ ಇದನ್ನು ಆಡಬಲ್ಲೆವೆಂದು ಹೇಳಿದವರು ಸುಮಾರು 5,38,000 ಮಂದಿ, ಎಂದರೆ ನೂರಕ್ಕೆ ಹದಿನೆಂಟು. ಈ ಭಾಷೆಯಲ್ಲಿ ಒಂದು ವಿಶೇಷವಿದೆ. ಕನ್ನಡಿಗರು ಅದನ್ನು ಕಂಡರೆ ಮುಗುಳ್ನಗುವರು. ಮಳೆಯ ಕಾಲವು ನಮ್ಮಲ್ಲಿ ‘ಮಳೆಗಾಲ’ವಾಗುವುದು, ಬೆಟ್ಟದ ತಾವರೆ ‘ಬೆಟ್ಟದಾವರೆ’ಯಾಗುವುದು, ಕಣ್ಣಿನ ಪನಿ ‘ಕಂಬನಿ’ಯಾಗುವುದು. ಕೇಶಿರಾಜನು ಸೂತ್ರ ಮಾಡಿದ ಈ ಕ-ತ-ಪಗಳಿಗೆ ಗ-ದ-ಬಗಳು ಬರುವ ಪದ್ಧತಿಯೇ ವೇಲ್ಸ್ ಭಾಷೆಯಲ್ಲಿಯೂ ಇರುವುದು. ಅವರಲ್ಲಿ ಸೇತುವೆಗೆ ‘ಪಾಂಟ್’ ಎಂದು ಹೆಸರು. ಆದರೆ ಸೇತುವೆಯ ತುದಿಯಲ್ಲಿರುವ ಊರು ‘ಪೆನ್-ಅ-ಬಾಂಟ್’ ಆಗುವುದು. ಇದರಿಂದ ಎರಡು ಭಾಷೆಗಳಿಗೂ ನೆಂಟಸ್ತಿಕೆಯಿದೆಯೆಂದು ಯಾರೂ ತಿಳಿಯತಕ್ಕದ್ದಲ್ಲ. ಬಾಯಿಯು ಎಲ್ಲೆಡೆಯೂ ಸುಲಭವಾದ ದಾರಿಯನ್ನೇ ಹುಡುಕುವುದಷ್ಟೆ. ಈ ಸಂಧಿಯನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುವುದು.

ಭಾರತಕ್ಕೂ ಈ ಕೆಲ್ಟರ ನಾಡಿಗೂ ಇನ್ನೊಂದು ಗಂಟುಂಟು. ಶಾಕುಂತಲವನ್ನು 1789ರಲ್ಲಿ ಇಂಗ್ಲಿಷಿಗೆ ತಂದ ಸರ್ ವಿಲಿಯಂ ಜೋನ್ಸನ ಹೆಸರನ್ನು ಕೇಳದವರು ಕಡಮೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಬಂದಿರಬೇಕೆಂದೂ, ಕೆಲ್ಟಿಕ್ ಭಾಷೆಯೂ ಅದೇ ಕುಲಕ್ಕೆ ಸೇರಿರಬಹುದೆಂದೂ ಆತನು 1786ರಲ್ಲಿ ಕಲ್ಕತ್ತೆಯಲ್ಲಿ ಸಾರಿದನು. ಆತನು ಹುಟ್ಟಿದ್ದು ಲಂಡನ್ನಿನಲ್ಲಾದರೂ ತಂದೆಯು ವೇಲ್ಸಿನ ವಾಯವ್ಯ ಮೂಲೆಯಲ್ಲಿರುವ ಆಂಗ್ಲಸಿ ದ್ವೀಪದವನು. ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ಪ್ರಮಾಣಕ್ಕೆ ‘ಪೈ’ ಎಂಬ ಗ್ರೀಕ್ ಅಕ್ಷರವನ್ನು 1706ರಲ್ಲಿ ಮೊದಲು ಬಳಸಿದವನು ಆ ತಂದೆಯೇ.

ಇನ್ನು ನೆಲದ ಮಾತು. ವೇಲ್ಸಿನ ಬಹುಭಾಗವು ಬೆಟ್ಟ. ಸಮತಟ್ಟಾದ ನೆಲವು ಕಡಲಂಚಿನಲ್ಲಿಯೂ ನದಿಗಳ ಮಗ್ಗುಲಲ್ಲಿಯೂ ಮಾತ್ರ ಉಂಟು. ಉತ್ತರದ ಎರರಿ ಪರ್ವತಪ್ರಾಂತವೇ ಅತ್ಯುನ್ನತವಾದುದು. ಅಲ್ಲಿನ ಮುಖ್ಯ ಶಿಖರವನ್ನು ಇಂಗ್ಲಿಷರು ಸ್ನೋಡನ್ ಎಂದು ಕರೆದರು; ನಾಡವರ ಬಾಯಲ್ಲಿ ಅದು ‘ಅರ್ ವಿದ್ವ’, ಎಂದರೆ ಸಮಾಧಿಯ ದಿಬ್ಬ. ಆರ್ಥರ್ ರಾಜನು ಕೊಂದ ರಾಕ್ಷಸನೊಬ್ಬನನ್ನು ಅಲ್ಲಿ ಹೂಳಿದೆಯೆಂದು ಐತಿಹ್ಯ. ಎತ್ತರ 3,560 ಅಡಿ. ನಮ್ಮ ಮುಳ್ಳಯ್ಯನಗಿರಿಯನ್ನು ಹತ್ತಿದವರಿಗೆ ಇದು ಅಲ್ಪವೆಂದು ತೋರಬಹುದು. ಆದರೆ ಕಡಲ ಮಟ್ಟದಿಂದಲೇ ಎದ್ದುನಿಂತ ಬಂಡೆಗಳಾದ್ದರಿಂದ ನೋಡುವವರಿಗೆ ಭಯಂಕರವಾಗಿರುವುದು. 1953ರಲ್ಲಿ ಎವರೆಸ್ಟನ್ನು ಏರಿದ ತಂಡದವರು ಮೊದಲು ಅಭ್ಯಾಸ ಮಾಡಿದ್ದು ಈ ಬಂಡೆಗಳ ಮೇಲೆಯೇ. ಅಷ್ಟೇ ಅಲ್ಲ, ಎವರೆಸ್ಟಿನ ಮಗ್ಗುಲಲ್ಲಿರುವ ಹಿಮದ ಬಟ್ಟಲಿಗೆ 1921ರಲ್ಲಿ ಮ್ಯಾಲರಿಯು ಇಟ್ಟ ಹೆಸರಿನಲ್ಲಿ ‘ಕೂಮ್’ ಎಂಬ ಮಾತಿದೆ. ಅದು ಕಣಿವೆಗೆ ವೇಲ್ಸ್ ಭಾಷೆಯಲ್ಲಿರುವ ಹೆಸರು. 2022ರಲ್ಲಿ ರಾಷ್ಟ್ರೋದ್ಯಾನದ ಆಡಳಿತದವರು ಇನ್ನು ಮುಂದೆ ಈ ಶಿಖರವನ್ನೂ ಪ್ರಾಂತವನ್ನೂ ನಾಡ ಹೆಸರಿನಿಂದಲೇ ಕರೆಯುವುದೆಂದು ತೀರ್ಮಾನಿಸಿದರು.

ಭೂಮಿಯ ವಯಸ್ಸನ್ನು ಲೆಕ್ಕ ಹಾಕುವ ಶಾಸ್ತ್ರಜ್ಞರಿಗೆ ಈ ನಾಡು ಒಂದು ಪಾಠಶಾಲೆಯಾಗಿತ್ತು. ಜೀವಿಗಳು ಕಡಲಲ್ಲಿ ವಿಪುಲವಾಗಿ ತೋರತೊಡಗಿದ ಯುಗಕ್ಕೆ ‘ಕೇಂಬ್ರಿಯನ್’ ಎಂದು ಹೆಸರು. ಕೇಂಬ್ರಿಯ ಎಂಬುದು ವೇಲ್ಸಿಗೆ ಲ್ಯಾಟಿನ್ನಿನ ಹೆಸರು. ಅದರ ಮುಂದಿನ ಎರಡು ಯುಗಗಳಾದ ಆರ್ಡೊವಿಸಿಯನ್, ಸೈಲೂರಿಯನ್‌ಗಳಿಗೆ ರೋಮನರ ಕಾಲದಲ್ಲಿ ಅಲ್ಲಿ ವಾಸಿಸುತ್ತಿದ್ದ ಎರಡು ಬುಡಕಟ್ಟುಗಳ ಹೆಸರುಗಳನ್ನು ಇಟ್ಟಿರುವರು. ಲೋಕದ ಯಾವ ಮೂಲೆಯಲ್ಲಿ ಅಂಥ ಬಂಡೆ ಸಿಕ್ಕರೂ ಈ ಪುಟ್ಟ ದೇಶದ ಹೆಸರನ್ನು ಹೇಳಲೇಬೇಕು. 1831ರ ಬೇಸಗೆಯಲ್ಲಿ ಸೆಜ್‌ವಿಕ್ ಎಂಬ ಪಂಡಿತನೊಡನೆ ಇಪ್ಪತ್ತೆರಡು ವರ್ಷದ ತರುಣನೊಬ್ಬನು ಕೂಮ್ ಇಡ್ವಲ್ ಎಂಬ ಕಣಿವೆಯಲ್ಲಿ ದಿನವೆಲ್ಲ ಸುತ್ತಾಡಿದನು. ಹಿಮನದಿಗಳು ಉಜ್ಜಿದ ಗೀರುಗಳೂ ಅವು ಹೊತ್ತು ತಂದು ಕೆಡವಿದ ಗುಂಡುಗಳೂ ಅವರ ಕಾಲ ಕೆಳಗೇ ಇದ್ದುವು. ಆದರೂ ಇಬ್ಬರಿಗೂ ಕಾಣಲಿಲ್ಲ! ಹನ್ನೊಂದು ವರ್ಷಗಳ ಮೇಲೆ ಹಿಮಯುಗದ ವಿಚಾರವನ್ನು ಓದಿ ತಿರುಗಿ ಬಂದಾಗ ಎಲ್ಲವೂ ಕಂಡಿತು. ಆ ತರುಣನೇ ಚಾರ್ಲ್ಸ್ ಡಾರ್ವಿನ್. ಕಾಣುವುದಕ್ಕೆ ಕಣ್ಣಿದ್ದರೆ ಸಾಲದೆಂದು ಆತನು ಮುಂದೆ ತಾನೇ ಹೇಳಿಕೊಂಡು ನಕ್ಕವನು.

ಪಡುವಣ ಮಹಾಸಾಗರದ ಗಾಳಿಯು ನೀರು ಹೊತ್ತು ಬಂದು ಈ ಬೆಟ್ಟಗಳಿಗೆ ಬಡಿಯುವುದು. ಸಹ್ಯಾದ್ರಿಯ ಮಗ್ಗುಲಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭೇದವಿಷ್ಟೆ: ಅಲ್ಲಿ ಮಳೆಗಾಲವೆಂಬುದು ಬೇರೆಯಾಗಿಲ್ಲ; ವರ್ಷವೆಲ್ಲ ತುಂತುರು, ಮಂಜು, ಮೋಡ. ಎರರಿಯ ಕೆಲವು ಏಣುಗಳ ಮೇಲೆ ವರ್ಷಕ್ಕೆ 4,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವುದು. ತೆಳುವಾದ ಹುಳಿ ಮಣ್ಣು, ಎಡೆಬಿಡದ ತೇವ. ಇಂಥಲ್ಲಿ ಗೋಧಿ ಬೆಳೆಯದು, ಹುಲ್ಲು ಬೆಳೆಯುವುದು. ಆದಕಾರಣ ದೇಶವೆಲ್ಲ ಕುರಿಗಳ ರಾಜ್ಯ. ಮನುಷ್ಯರಿಗಿಂತ ಅವುಗಳ ಸಂಖ್ಯೆಯೇ ಎರಡು ಮೂರು ಪಟ್ಟು ಹೆಚ್ಚು. ಹಿಂದಿನ ಕಾಲದಲ್ಲಿ ಒಕ್ಕಲುಮಕ್ಕಳಿಗೆ ಎರಡೆರಡು ಮನೆಗಳಿದ್ದುವು. ಚಳಿಗಾಲಕ್ಕೆ ಕಣಿವೆಯಲ್ಲಿ ‘ಹೆಂದ್ರೆ’ ಎಂಬ ಹಳೆಮನೆ. ಬೇಸಗೆಗೆ ಬೆಟ್ಟದ ಮೇಲೆ ‘ಹಾವೊದ್’ ಎಂಬ ಗುಡಿಸಲು. ಮಂದೆಯೊಡನೆ ಮನೆಮಂದಿಯೂ ಹತ್ತಿ ಇಳಿಯುತ್ತಿದ್ದರು. ಈ ಎರಡು ಮಾತುಗಳು ಈಗಲೂ ನೂರಾರು ಹೊಲಮನೆಗಳ ಹೆಸರಿನಲ್ಲಿ ಉಳಿದಿರುವುವು.

ಲೋಹಗಳ ವಿಷಯವನ್ನು ಚಿಕ್ಕದಾಗಿ ಹೇಳುವೆವು. ಉತ್ತರ ಕರಾವಳಿಯ ಗ್ರೇಟ್ ಓರ್ಮ್ ಎಂಬ ಗುಡ್ಡದಲ್ಲಿ ಮೂರೂವರೆ ಸಾವಿರ ವರ್ಷಗಳ ಹಿಂದೆಯೇ ಜನರು ಕಲ್ಲು ಮೂಳೆಗಳಿಂದ ಬಿಲ ತೋಡಿ ತಾಮ್ರವನ್ನು ತೆಗೆಯುತ್ತಿದ್ದರು. ಕೆಲವು ಬಿಲಗಳಲ್ಲಿ ಚಿಕ್ಕ ಮಕ್ಕಳಲ್ಲದೆ ಬೇರೆಯವರು ನುಸುಳಲಾರರು. ಆಂಗ್ಲಸಿ ದ್ವೀಪದ ಪಾರಿಸ್ ಬೆಟ್ಟದಲ್ಲಿ 1768ರಲ್ಲಿ ದೊಡ್ಡ ತಾಮ್ರದ ನಿಕ್ಷೇಪ ಸಿಕ್ಕಿತು; ಅದನ್ನು ಕಂಡುಹಿಡಿದ ಕೂಲಿಯವನಿಗೆ ಕೊಟ್ಟ ಬಹುಮಾನವು ಒಂದು ಬಾಟಲಿ ವ್ಹಿಸ್ಕಿಯೂ ಬಾಡಿಗೆಯಿಲ್ಲದೆ ಇರಲು ಒಂದು ಮನೆಯೂ ಅಂತೆ. ಇಂಗ್ಲಿಷರ ಹಡಗುಗಳ ತಳಕ್ಕೆ ಹೊದಿಸಿದ ತಾಮ್ರವು ಬಹುಮಟ್ಟಿಗೆ ಅಲ್ಲಿಂದಲೇ ಹೋಯಿತು. ಚಿನ್ನವೂ ಕೊಂಚ ಉಂಟು. 1923ರಿಂದ ಈಚೆಗೆ ಇಂಗ್ಲೆಂಡಿನ ರಾಜಮನೆತನದ ಮದುವೆಯುಂಗುರಗಳನ್ನು ವೇಲ್ಸಿನ ಚಿನ್ನದಿಂದ ಮಾಡಿಸುವುದು ವಾಡಿಕೆಯಾಗಿದೆ.

ಸ್ಲೇಟು ಎಂದರೆ ನಮಗೆ ಮಕ್ಕಳು ಅಕ್ಷರ ತಿದ್ದುವ ಹಲಗೆಯು ನೆನಪಿಗೆ ಬರುವುದು. ವೇಲ್ಸಿನ ಉತ್ತರ ಭಾಗದವರಿಗೆ ಅದು ಅನ್ನ. ಐವತ್ತು ಕೋಟಿ ವರ್ಷಗಳ ಹಿಂದೆ ಕಡಲತಳದಲ್ಲಿ ಕೂತ ಕೆಸರು, ಭೂಮಿಯ ಒತ್ತಡದಿಂದ ಬೆಂದು ಅದುಮಿಕೊಂಡು, ಪುಸ್ತಕದ ಹಾಳೆಗಳಂತೆ ಸೀಳಿಬರುವ ಕಲ್ಲಾಯಿತು. ನುರಿತ ಕೆಲಸಗಾರನು ಉಳಿಯನ್ನಿಟ್ಟು ಮೆಲ್ಲನೆ ತಟ್ಟಿದರೆ ಬೆರಳಿಗಿಂತ ತೆಳುವಾದ ಹಾಳೆಗಳು ಒಂದೊಂದಾಗಿ ಬಿಚ್ಚಿಕೊಳ್ಳುವುವು. ಹತ್ತೊಂಬತ್ತನೆಯ ಶತಮಾನದಲ್ಲಿ ಕಾರ್ಖಾನೆಯ ಊರುಗಳು ಬೆಳೆದಂತೆಲ್ಲ ಮನೆಗಳ ಮಾಡಿಗೆ ಈ ಕಲ್ಲಿನ ಹೆಂಚೇ ಬೇಕಾಯಿತು. ಹೆಂಚುಗಳ ಅಳತೆಗೆ ಒಂದೊಂದು ಹೆಸರು: ದೊಡ್ಡವು ಮಹಾರಾಣಿಯರು, ಅವಕ್ಕಿಂತ ಚಿಕ್ಕವು ಡಚೆಸ್ಸುಗಳು, ಅನಂತರ ಕೌಂಟೆಸ್ಸುಗಳು, ಕೊನೆಗೆ ಲೇಡಿಗಳು. ಹರಕು ಕೋಟಿನ ಕೂಲಿಕಾರರು ಹಗಲೆಲ್ಲ ಮಹಾರಾಣಿಯರನ್ನು ಸೀಳುತ್ತ ಕೂತಿರುತ್ತಿದ್ದರೆಂದು ನೆನೆದರೆ ನಗೆ ಬರುವುದು. ಆದರೆ ಆ ಸೀಳಿದ ಧೂಳು ಅವರ ಶ್ವಾಸಕೋಶದಲ್ಲಿ ಕೂತು ಎಷ್ಟೋ ಮಂದಿಯನ್ನು ನಡುವಯಸ್ಸಿಗೇ ಕೊಂದಿತು. ಆ ರೋಗಕ್ಕೆ ಪರಿಹಾರ ಕೊಡುವ ಕಾನೂನು ಬಂದದ್ದು 1979ರಲ್ಲಿ.

ಬೆಥೆಸ್ಡಾ ಊರಿನ ಬಳಿಯ ಪೆನ್ರಿನ್ ಗಣಿಯು ಇವುಗಳಲ್ಲೆಲ್ಲ ಹಿರಿದು. ಅದರ ಧಣಿಗಳ ಮೂಲಧನವು ಜಮೈಕಾ ದ್ವೀಪದಲ್ಲಿ ಗುಲಾಮರು ಬೆಳೆದ ಕಬ್ಬಿನಿಂದ ಬಂದದ್ದು. 1900ನೆಯ ನವೆಂಬರಿನಲ್ಲಿ ಅಲ್ಲಿನ 2,800 ಮಂದಿ ಕೆಲಸಗಾರರು ತಮ್ಮ ಸಂಘಕ್ಕೆ ಮಾನ್ಯತೆ ಬೇಕೆಂದು ಹೊರಬಂದರು. ಹೋರಾಟವು ಮೂರು ವರ್ಷಗಳ ಕಾಲ ನಡೆಯಿತು. ಅದರ ನಡುವೆ ಹೊಟ್ಟೆಗಿಲ್ಲದೆ ಕೆಲವರು ತಿರುಗಿ ಹೋದರು, ಉಳಿದವರು ಹೋಗಲೊಲ್ಲರು. ಹೋಗದವರ ಕಿಟಕಿಗಳಲ್ಲಿ ‘ಈ ಮನೆಯಲ್ಲಿ ದ್ರೋಹಿಯಿಲ್ಲ’ ಎಂಬ ಚೀಟಿಗಳು. ಅಣ್ಣ ತಮ್ಮಂದಿರು ಮಾತು ಬಿಟ್ಟರು. ಕೊನೆಗೆ ಕೆಲಸಗಾರರು ಸೋತರು. ಊರೊಳಗಿನ ಒಡಕು ಮಾತ್ರ ತಲೆಮಾರುಗಳ ಕಾಲ ಮಾಯಲಿಲ್ಲ.

ಇದೇ ಜನರು ಮಧ್ಯಾಹ್ನದ ಬುತ್ತಿ ಬಿಚ್ಚುವ ಗುಡಿಸಲುಗಳಲ್ಲಿ ಕಾವ್ಯ, ಧರ್ಮ, ರಾಜಕೀಯಗಳ ಮೇಲೆ ಚರ್ಚೆ ನಡೆಸುತ್ತಿದ್ದರು, ಹಾಡಿನ ಸ್ಪರ್ಧೆ ಏರ್ಪಡಿಸುತ್ತಿದ್ದರು. 1884ರಲ್ಲಿ ಬ್ಯಾಂಗರ್ ಪಟ್ಟಣದಲ್ಲಿ ವಿಶ್ವವಿದ್ಯಾಲಯದ ಕಾಲೇಜು ತೆರೆದಾಗ ತಮ್ಮ ವಾರದ ಕೂಲಿಯಿಂದ ಕಾಸು ಕಾಸು ಕೂಡಿಸಿ ಕೊಟ್ಟವರಲ್ಲಿ ಈ ಗಣಿಯಾಳುಗಳೂ ಸೇರಿದ್ದರು. ಮಹಾರಾಣಿಯರನ್ನು ಸೀಳಿದ ಹಣ ಒಳನಾಡಿನಲ್ಲಿಯೇ ಉಳಿದ ಕೆಲವು ಸಂದರ್ಭಗಳಲ್ಲಿ ಇದೊಂದೆಂದು ನಮ್ಮ ಎಣಿಕೆ. ಒಂದು ಟನ್ನು ಹೆಂಚಿಗೆ ಸುಮಾರು ಹತ್ತು ಟನ್ನು ಕಲ್ಲುಪುಡಿ ಹೊರಬೀಳುತ್ತಿದ್ದುದರಿಂದ ಬ್ಲೈನೈ ಫೆಸ್ಟಿನಿಯೋಗ್ ಮುಂತಾದ ಊರುಗಳ ಸುತ್ತ ಬೂದುಬಣ್ಣದ ಗುಡ್ಡಗಳೇ ಎದ್ದಿರುವುವು. 2021ರಲ್ಲಿ ಈ ಪ್ರದೇಶವನ್ನು ಯುನೆಸ್ಕೋ ಸಂಸ್ಥೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಈಗ ದಕ್ಷಿಣಕ್ಕೆ ಬರೋಣ. ಉತ್ತರದಲ್ಲಿ ಸ್ಲೇಟು ಹೇಗೋ ದಕ್ಷಿಣದಲ್ಲಿ ಕಲ್ಲಿದ್ದಲು ಹಾಗೆ. ಅದು ನೆಲದೊಳಗೆ ಒಂದು ದೊಡ್ಡ ಬೋಗುಣಿಯ ಆಕಾರದಲ್ಲಿ ಹರಡಿದೆ. ಬೋಗುಣಿಯ ಅಂಚು ಸುತ್ತಲೂ ಮೇಲೆ ಕಾಣುವುದು, ನಡುವು ಆಳವಾಗಿರುವುದು. ಹೊಳೆಗಳು ಅದನ್ನು ಉದ್ದುದ್ದವಾಗಿ ಕೊಯ್ದು ಇಕ್ಕಟ್ಟಾದ ಕಣಿವೆಗಳನ್ನು ಮಾಡಿರುವುವು. ಮೊದಲು ಬಂದವರು ಕಬ್ಬಿಣದವರು. ಮರ್ಥರ್ ಟಿಡ್‌ವಿಲ್ ಎಂಬಲ್ಲಿ ಅದಿರು, ಇದ್ದಲು, ಸುಣ್ಣಕಲ್ಲು ಮೂರೂ ಒಂದೆಡೆ ಸಿಕ್ಕುತ್ತಿದ್ದುದರಿಂದ ಕುಲುಮೆಗಳು ಹುಟ್ಟಿಕೊಂಡುವು. 1804ನೆಯ ಫೆಬ್ರವರಿಯಲ್ಲಿ ರಿಚರ್ಡ್ ಟ್ರೆವಿಥಿಕ್ಕನ ಉಗಿಯಂತ್ರವು ಹತ್ತು ಟನ್ನು ಕಬ್ಬಿಣವನ್ನೂ ಎಪ್ಪತ್ತು ಮಂದಿಯನ್ನೂ ಎಳೆದುಕೊಂಡು ಕಂಬಿಗಳ ಮೇಲೆ ಒಂಬತ್ತು ಮೈಲಿಗೂ ಹೆಚ್ಚು ದೂರ ಓಡಿದ್ದು ಈ ಊರಿನಿಂದಲೇ. ರೈಲುಗಾಡಿಯ ಜಾತಕ ಬರೆಯುವವರು ಇಲ್ಲಿಂದ ಮೊದಲುಮಾಡಬೇಕು.

ಬಳಿಕ ಉಗಿಹಡಗುಗಳ ಕಾಲ ಬಂದಿತು. ರೊಂದಾ ಕಣಿವೆಯ ಇದ್ದಲು ಹೊಗೆ ಕಡಮೆ, ಕಾವು ಹೆಚ್ಚು. ಯುದ್ಧನೌಕೆಗಳಿಗೆ ಹೇಳಿ ಮಾಡಿಸಿದಂತಿತ್ತು. 1851ರಲ್ಲಿ ಎರಡು ಸಾವಿರ ಜನರೂ ಇಲ್ಲದಿದ್ದ ಆ ಕುರಿಗಾಹಿಗಳ ಕಣಿವೆಯಲ್ಲಿ 1911ರ ಹೊತ್ತಿಗೆ ಒಂದೂವರೆ ಲಕ್ಷ ಜನರಿದ್ದರು. ಅಗಲಕ್ಕೆ ಎಡೆಯಿಲ್ಲದೆ ಮನೆಗಳು ಬೆಟ್ಟದ ಪಕ್ಕೆಗೆ ಅಂಟಿಕೊಂಡು ಮೈಲಿಗಟ್ಟಲೆ ಸಾಲಾಗಿ ಹಬ್ಬಿದುವು. 1913ರಲ್ಲಿ ದಕ್ಷಿಣ ವೇಲ್ಸಿನ ಗಣಿಗಳಿಂದ ಹೊರಬಂದ ಇದ್ದಲು ಸುಮಾರು 5 ಕೋಟಿ 70 ಲಕ್ಷ ಟನ್ನು. ದುಡಿದವರು ಎರಡು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು. ಕಾರ್ಡಿಫ್, ಬ್ಯಾರಿ ರೇವುಗಳಿಂದ ಅದು ಲೋಕದ ಎಲ್ಲ ಕಡಲುಗಳಿಗೂ ಹೋಯಿತು. ಅದೇ ವರ್ಷದ ಅಕ್ಟೋಬರ್ 14ರಂದು ಸೆಂಘೆನಿದ್ ಎಂಬಲ್ಲಿ ಗಣಿಯೊಳಗೆ ಅನಿಲ ಸಿಡಿದು 439 ಮಂದಿ ಸತ್ತರು. ಅವರನ್ನು ಉಳಿಸಲು ಇಳಿದವನೊಬ್ಬನೂ ಸತ್ತನು. ನ್ಯಾಯಸ್ಥಾನವು ವ್ಯವಸ್ಥಾಪಕನಿಗೆ 24 ಪೌಂಡ್ ದಂಡವನ್ನೂ ಕಂಪೆನಿಗೆ 10 ಪೌಂಡ್ ದಂಡವನ್ನೂ ಹಾಕಿತು. ಲೆಕ್ಕ ಬಲ್ಲ ವಾಚಕರು ತಲೆಗೆ ಎಷ್ಟು ಬಿದ್ದಿತೆಂದು ಭಾಗಿಸಿ ನೋಡಿಕೊಳ್ಳಬಹುದು.

ಇಷ್ಟು ಅಪಾಯದಲ್ಲಿದ್ದವರು ತಮ್ಮ ತಮ್ಮಲ್ಲೇ ಆಸರೆಯನ್ನು ಹುಡುಕಿಕೊಂಡುದು ಸಹಜ. ಟ್ರೆಡೀಗರ್ ಊರಿನ ಕೆಲಸಗಾರರು ವಾರಕ್ಕಿಷ್ಟೆಂದು ಕೂಲಿಯಲ್ಲಿ ಮುರಿದಿಟ್ಟು ವೈದ್ಯಸಹಾಯದ ಸಂಘವೊಂದನ್ನು ನಡೆಸುತ್ತಿದ್ದರು. ಔಷಧ, ಡಾಕ್ಟರು, ಆಸ್ಪತ್ರೆ ಎಲ್ಲವೂ ಅದರಿಂದ ದೊರಕುತ್ತಿತ್ತು. ಅದೇ ಊರಿನಲ್ಲಿ 1897ರಲ್ಲಿ ಹುಟ್ಟಿ ಹದಿಮೂರು ವರ್ಷಕ್ಕೇ ಗಣಿಗಿಳಿದ ಅನೈರಿನ್ ಬೆವನ್ನನು ಮುಂದೆ ಆರೋಗ್ಯಮಂತ್ರಿಯಾಗಿ, 1948ನೆಯ ಜುಲೈ 5ರಂದು ಬ್ರಿಟನ್ನಿನವರೆಲ್ಲರಿಗೂ ಉಚಿತವಾದ ವೈದ್ಯಸೇವೆಯನ್ನು ಜಾರಿಗೆ ತಂದನು. ಈ ನಾಡಿನಿಂದ ಹೊರಗೆ ಹೋದ ವಸ್ತುಗಳಲ್ಲಿ ಇದನ್ನು ಇದ್ದಲಿಗಿಂತ ಮೇಲಿನ ಸರಕೆಂದು ನಾವು ಎಣಿಸುವೆವು.

ಇದ್ದಲು ಹೋಯಿತು, ಕಸ ಉಳಿಯಿತು. ಗಣಿಯಿಂದ ಬಂದ ಕಲ್ಲುಮಣ್ಣನ್ನು ಕಣಿವೆಯಲ್ಲಿ ಸುರಿಯಲು ಜಾಗವಿಲ್ಲದೆ ಬೆಟ್ಟದ ಮೇಲೇ ರಾಶಿ ಹಾಕುವುದು ವಾಡಿಕೆಯಾಗಿತ್ತು. ಅಬರ್‌ವಾನ್ ಎಂಬ ಹಳ್ಳಿಯ ಮೇಲ್ಗಡೆ ಅಂಥ ಏಳು ರಾಶಿಗಳಿದ್ದುವು. ಏಳನೆಯದನ್ನು ಬುಗ್ಗೆಗಳ ಮೇಲೆ ಸುರಿದಿದ್ದರು. ಆ ಬುಗ್ಗೆಗಳು ಸರ್ಕಾರದ ಭೂಪಟದಲ್ಲಿ ಗುರುತಾಗಿದ್ದುವು, ಊರವರಿಗೂ ಗೊತ್ತಿದ್ದುವು. ಕೆಸರು ಹರಿದುಬರುತ್ತಿದೆಯೆಂದು ಊರಿನವರು ಬರೆದುಕೊಂಡಿದ್ದರು. 1966ನೆಯ ಅಕ್ಟೋಬರ್ 21, ಶುಕ್ರವಾರ. ಮಳೆ ನಿಂತು ಕಣಿವೆಯ ತುಂಬ ಮಂಜು ಕವಿದಿತ್ತು. ಮರುದಿನದಿಂದ ರಜ. ಬೆಳಗಿನ ಒಂಬತ್ತೂಕಾಲು ಗಂಟೆಗೆ ಮಕ್ಕಳು ಪ್ರಾರ್ಥನೆ ಮುಗಿಸಿ ತರಗತಿಗಳಿಗೆ ಬಂದು ಕೂತಿದ್ದರು. ನೀರು ಕುಡಿದ ರಾಶಿಯು ಕುಸಿದು ಮಂಜಿನೊಳಗಿಂದ ಇಳಿದು ಶಾಲೆಯ ಮೇಲೂ ಪಕ್ಕದ ಮನೆಗಳ ಮೇಲೂ ಬಿದ್ದಿತು. 116 ಮಕ್ಕಳೂ 28 ದೊಡ್ಡವರೂ ಸತ್ತರು. ಸುತ್ತಣ ಗಣಿಗಳಿಂದ ಓಡಿಬಂದು ಅಗೆದವರಲ್ಲಿ ಆ ಮಕ್ಕಳ ತಂದೆಯರೂ ಇದ್ದರು.

ವಿಚಾರಣೆಯ ಮಂಡಲಿಯು ಸರ್ಕಾರಿ ಕಲ್ಲಿದ್ದಲು ಮಂಡಲಿಯೇ ಹೊಣೆಯೆಂದು 1967ರಲ್ಲಿ ಖಂಡಿತವಾಗಿ ಹೇಳಿತು. ಆದರೂ ಉಳಿದ ರಾಶಿಗಳನ್ನು ತೆಗೆಯುವ ಖರ್ಚಿಗಾಗಿ, ಸತ್ತ ಮಕ್ಕಳ ಮನೆಯವರಿಗೆಂದು ಲೋಕವೆಲ್ಲ ಕಳುಹಿಸಿದ್ದ ಸಹಾಯನಿಧಿಯಿಂದಲೇ 1,50,000 ಪೌಂಡನ್ನು ಕಿತ್ತುಕೊಂಡರು. ಅದನ್ನು ಹಿಂದಿರುಗಿಸಿದ್ದು 1997ರಲ್ಲಿ, ಬಡ್ಡಿಯಿಲ್ಲದೆ. ದೇಶದಲ್ಲಿ ಇಂಥ ಹಳೆಯ ರಾಶಿಗಳು ಇನ್ನೂ ಎರಡೂವರೆ ಸಾವಿರಕ್ಕೆ ಮೇಲ್ಪಟ್ಟು ಇವೆ. 2020ರ ಫೆಬ್ರವರಿಯ ಬಿರುಮಳೆಯಲ್ಲಿ ರೊಂದಾ ಸೀಮೆಯ ಒಂದು ರಾಶಿ ಜಾರಿ ಹೊಳೆಗೆ ಬಿದ್ದಿತು. ದೈವವಶಾತ್ ಯಾರೂ ಸಾಯಲಿಲ್ಲ. ಅವುಗಳ ಮೇಲ್ವಿಚಾರಣೆಗೆಂದು 2025ರಲ್ಲಿ ಕಾರ್ಡಿಫ್‌ನ ಶಾಸನಸಭೆಯು ಕಾನೂನನ್ನು ಮಾಡಿತು.

ಗಣಿಗಳು ಒಂದೊಂದಾಗಿ ಮುಚ್ಚಿದುವು. 1994ರಲ್ಲಿ ಟವರ್ ಎಂಬ ಗಣಿಯನ್ನು ಲಾಭವಿಲ್ಲವೆಂದು ಸರ್ಕಾರದವರು ನಿಲ್ಲಿಸಿದಾಗ ಅಲ್ಲಿನ 239 ಮಂದಿ ಕೆಲಸಗಾರರು ತಮಗೆ ಬಂದ ಪರಿಹಾರದಿಂದ ತಲೆಗೆ 8,000 ಪೌಂಡ್ ಹಾಕಿ ಗಣಿಯನ್ನೇ ಕೊಂಡುಕೊಂಡರು. ಲಾಭವಿಲ್ಲವೆಂದ ಗಣಿಯು ಅವರ ಕೈಯಲ್ಲಿ 1995ರಿಂದ 2008ರವರೆಗೆ, ಇದ್ದಲು ತೀರುವ ತನಕ, ಲಾಭದಲ್ಲೇ ನಡೆಯಿತು. ಕಡಲತೀರದ ಪೋರ್ಟ್ ಟಾಲ್ಬಟ್‌ನ ಉಕ್ಕಿನ ಕಾರ್ಖಾನೆಯು 2007ರಲ್ಲಿ ನಮ್ಮ ದೇಶದ ಟಾಟಾ ಕಂಪೆನಿಯ ಕೈಗೆ ಬಂದಿತು. 2024ನೆಯ ಸೆಪ್ಟೆಂಬರ್ 30ರಂದು ಅಲ್ಲಿನ ಕೊನೆಯ ಊದುಕುಲುಮೆಯನ್ನು ಆರಿಸಿದರು. ಗುಜರಿ ಕಬ್ಬಿಣವನ್ನು ಕರಗಿಸುವ ವಿದ್ಯುತ್ಕುಲುಮೆಯನ್ನು ಅದರ ಬದಲು ಕಟ್ಟುವುದೆಂದು ಗೊತ್ತಾಯಿತು. ಅದಕ್ಕೆ ಆಳುಗಳು ಕಡಮೆ ಸಾಕು. ಮುಂಬಯಿಯಲ್ಲಿ ಕೂತು ಮಾಡಿದ ಲೆಕ್ಕವು ವೇಲ್ಸಿನ ಸಾವಿರಾರು ಮನೆಗಳ ಒಲೆಯನ್ನು ಮುಟ್ಟಿತು. ಹಿಂದೆ ನಮ್ಮ ಊರುಗಳ ಲೆಕ್ಕವನ್ನು ಲಂಡನ್ನಿನಲ್ಲಿ ಮಾಡುತ್ತಿದ್ದರಲ್ಲವೆ ಎಂದು ಯಾರಾದರೂ ಅಂದರೆ ಅದರಿಂದ ಅಲ್ಲಿನ ಕೂಲಿಯವನಿಗೆ ಏನೂ ಸಮಾಧಾನವಾಗದು.

ಕೊನೆಗೆ ನೀರು. ಮಳೆ ಹೆಚ್ಚು, ಕಣಿವೆ ಕಿರಿದು. ಅಣೆ ಕಟ್ಟುವವರಿಗೆ ಇದಕ್ಕಿಂತ ಬೇರೇನು ಬೇಕು? 1880ರ ದಶಕದಲ್ಲಿ ಲಿವರ್‌ಪೂಲ್ ನಗರದವರು ವರ್ನ್ವಿ ಕಣಿವೆಯಲ್ಲಿ ಅಣೆ ಕಟ್ಟಿ ಒಂದು ಹಳ್ಳಿಯನ್ನು ಮುಳುಗಿಸಿದರು. ಬರ್ಮಿಂಗ್ಹಾಮಿನವರು ಈಲಾನ್ ಕಣಿವೆಯಿಂದ 73 ಮೈಲಿ ದೂರಕ್ಕೆ ಕಾಲುವೆಯನ್ನು ತೆಗೆದು 1904ರಲ್ಲಿ ನೀರು ಹರಿಸಿಕೊಂಡರು. ಪಂಪು ಬೇಕಾಗಲಿಲ್ಲ, ಇಳಿಜಾರೇ ಸಾಕಾಯಿತು. ನೀರು ಎಲ್ಲರಿಗೂ ಬೇಕು. ನಗರದ ಬಡವರು ಕೊಳಕು ನೀರು ಕುಡಿದು ಸಾಯುತ್ತಿದ್ದುದೂ ಸುಳ್ಳಲ್ಲ. ಆದುದರಿಂದ ಆ ಕಾಲದಲ್ಲಿ ಹೆಚ್ಚಿನ ಗದ್ದಲವಾಗಲಿಲ್ಲ.

ಗದ್ದಲವಾದುದು ತ್ರವೆರಿನ್ ಕಣಿವೆಯ ವಿಷಯದಲ್ಲಿ. ಅಲ್ಲಿ ಕಾಪೆಲ್ ಕೆಲಿನ್ ಎಂಬ ಹಳ್ಳಿ. ಹನ್ನೆರಡು ಮನೆ ಹೊಲಗಳು, ಒಂದು ಶಾಲೆ, ಒಂದು ಅಂಚೆಮನೆ, ಒಂದು ಪ್ರಾರ್ಥನಾಮಂದಿರ, ಅದರ ಪಕ್ಕದಲ್ಲಿ ರುದ್ರಭೂಮಿ. ಊರವರೆಲ್ಲರ ಮಾತು ವೇಲ್ಸ್ ಭಾಷೆ. ತಮ್ಮ ಕಣಿವೆಯು ಲಿವರ್‌ಪೂಲಿನ ಪಾಲಾಗುವುದೆಂದು ತಿಳಿದು ಅವರು 1956ರಲ್ಲಿ ಮಕ್ಕಳು ಮುದುಕರೊಡನೆ ಆ ನಗರದ ಬೀದಿಗಳಲ್ಲಿ ಮೆರವಣಿಗೆ ಮಾಡಿ ಬೇಡಿಕೊಂಡರು. ನಗರದವರು ವೇಲ್ಸಿನ ಯಾವ ಸ್ಥಳೀಯ ಸಭೆಯ ಅಪ್ಪಣೆಯನ್ನೂ ಕೇಳದೆ ನೆಟ್ಟಗೆ ಲಂಡನ್ನಿನ ಪಾರ್ಲಿಮೆಂಟಿಗೆ ಹೋಗಿ 1957ರಲ್ಲಿ ಕಾನೂನು ಮಾಡಿಸಿಕೊಂಡರು. ವೇಲ್ಸಿನ 36 ಸದಸ್ಯರಲ್ಲಿ ಒಬ್ಬರೂ ಅದರ ಪರವಾಗಿ ಮತ ಕೊಟ್ಟಿರಲಿಲ್ಲ. ಆದರೂ ಅದು ಅಂಗೀಕಾರವಾಯಿತು. ಸಭೆಯಲ್ಲಿ ಅವರ ಸಂಖ್ಯೆಯೇ ಅಷ್ಟು ಕಡಮೆ. ಕೆಲವರು ತಮ್ಮ ಹಿರಿಯರ ಎಲುಬುಗಳನ್ನು ತೆಗೆದು ಬೇರೆಡೆ ಹೂಳಿದರು; ಉಳಿದ ಗೋರಿಗಳ ಮೇಲೆ ಕಾಂಕ್ರೀಟು ಹಾಕಿ ನೀರು ಬಿಟ್ಟರು. 1965ನೆಯ ಅಕ್ಟೋಬರ್ 21ರಂದು ಪ್ರಾರಂಭೋತ್ಸವ. ಪ್ರತಿಭಟನೆಯ ಕೂಗಿನಲ್ಲಿ ಭಾಷಣಗಳು ಕೇಳಿಸದೆ ಕೆಲವೇ ನಿಮಿಷಗಳಲ್ಲಿ ಅದು ಮುಗಿದುಹೋಯಿತು. ಸರಿಯಾಗಿ ಒಂದು ವರ್ಷದ ಮೇಲೆ ಅದೇ ತಾರೀಖಿನಂದು ಅಬರ್‌ವಾನಿನ ರಾಶಿ ಕುಸಿಯಿತು. ಕಾಕತಾಳೀಯವೇ ಸರಿ, ಆದರೆ ಆ ನಾಡವರು ಎರಡನ್ನೂ ಒಟ್ಟಿಗೆ ನೆನೆಯುವರೆಂದರೆ ಆಶ್ಚರ್ಯವಿಲ್ಲ.

ನೀರನ್ನು ಬೇರೊಂದು ಬಗೆಯಾಗಿ ದುಡಿಸುವ ಕೆಲಸವೂ ಆ ನಾಡಿನಲ್ಲಿ ನಡೆದಿರುವುದು. 1969ರಲ್ಲಿ ಮುಚ್ಚಿದ ದಿನೋರ್ವಿಗ್ ಸ್ಲೇಟುಗಣಿಯ ಬೆಟ್ಟದೊಳಗೇ ಗುಹೆ ಕೊರೆದು 1984ರಲ್ಲಿ ವಿದ್ಯುದಾಗಾರವೊಂದನ್ನು ಸ್ಥಾಪಿಸಿದರು. ವಿದ್ಯುತ್ತಿಗೆ ಗಿರಾಕಿ ಕಡಮೆಯಿರುವ ರಾತ್ರಿಯ ಹೊತ್ತಿನಲ್ಲಿ ಕೆಳಗಿನ ಕೆರೆಯ ನೀರನ್ನು ಮೇಲಿನ ಕೆರೆಗೆ ಎತ್ತುವರು. ಟೆಲಿವಿಷನ್ನಿನಲ್ಲಿ ಜನಪ್ರಿಯವಾದ ಆಟವೊಂದು ಮುಗಿದು ದೇಶವೆಲ್ಲ ಒಮ್ಮೆಗೇ ಎದ್ದು ಚಹಕ್ಕೆ ನೀರು ಕಾಯಿಸಲು ಹೊರಟಾಗ ಬಾಗಿಲು ತೆರೆದು ಕೆಳಕ್ಕೆ ಬಿಡುವರು. ತಿರುಗುತ್ತಲೇ ಸಜ್ಜಾಗಿರುವ ಯಂತ್ರಗಳು ಹದಿನಾರು ಸೆಕೆಂಡುಗಳಲ್ಲಿ 1,300 ಮೆಗಾವಾಟಿಗೂ ಹೆಚ್ಚಿನ ಶಕ್ತಿಯನ್ನು ಕೊಡಬಲ್ಲುವು. ವೇಲ್ಸಿನಲ್ಲಿ ನೀರು ಮೇಲಕ್ಕೆ ಹೋಗುವ ಎಡೆಗಳಲ್ಲಿ ಇದೂ ಒಂದು.

ಲಿವರ್‌ಪೂಲ್ ನಗರಸಭೆಯು 2005ರಲ್ಲಿ ಕ್ಷಮೆ ಕೇಳಿತು. ಅದಕ್ಕೆ ಎಷ್ಟೋ ಮೊದಲು, 1960ರ ದಶಕದಲ್ಲಿ, ಅಬರಿಸ್ಟ್ವಿತ್ ಪಟ್ಟಣದ ತೆಂಕಲಿಗೆ ಹೆದ್ದಾರಿಯ ಮಗ್ಗುಲಲ್ಲಿದ್ದ ಪಾಳುಮನೆಯ ಗೋಡೆಯ ಮೇಲೆ ಮೈಕ್ ಸ್ಟೀವನ್ಸ್ ಎಂಬ ತರುಣನು ‘ತ್ರವೆರಿನ್ನನ್ನು ನೆನೆಯಿರಿ’ ಎಂದು ತನ್ನ ಭಾಷೆಯಲ್ಲಿ ಬಣ್ಣದಿಂದ ಬರೆದನು. ಆತನು ಮುಂದೆ ಹೆಸರಾಂತ ಸಾಹಿತಿಯಾದನಾದರೂ ಆ ಹೊತ್ತು ಸಂಧಿಯನ್ನು ಮರೆತಿದ್ದನು. ಅವರ ವ್ಯಾಕರಣದ ಪ್ರಕಾರ ಆ ಕ್ರಿಯಾಪದದ ಮುಂದೆ ತ-ಕಾರಕ್ಕೆ ದ-ಕಾರವು ಬರಬೇಕು. ‘ಕೋವಿಯುಖ್ ದ್ರವೆರಿನ್’ ಎಂದಾಗಬೇಕು. ಮಳೆಗೆ ಅಕ್ಷರಗಳು ಅಳಿಸಿದಂತೆಲ್ಲ ಯಾರೋ ಬಂದು ಮತ್ತೆ ಬರೆಯುತ್ತಿದ್ದರು. ಹಾಗೆ ಬರೆದವರ ಕೈಯಲ್ಲಿ ತಪ್ಪು ತಿದ್ದಿತು. 2019ರಲ್ಲಿ ಕಿಡಿಗೇಡಿಗಳು ಗೋಡೆಯನ್ನು ಉರುಳಿಸಿದರು. ಹತ್ತಿರದ ಊರುಗಳ ಜನರು ಬಂದು ಬಿದ್ದ ಕಲ್ಲುಗಳನ್ನು ಆಯ್ದು ಗೋಡೆಯನ್ನು ತಿರುಗಿ ಕಟ್ಟಿದರು. ಆ ತಿಂಗಳುಗಳಲ್ಲಿ ಅದೇ ಎರಡು ಮಾತುಗಳು ದೇಶದ ಉದ್ದಕ್ಕೂ ಎಷ್ಟೋ ಗೋಡೆಗಳ ಮೇಲೆ ಕಾಣಿಸಿಕೊಂಡುವು, ಸಂಧಿ ತಪ್ಪದೆ.